ಐದು ವಾರ ಅಜ್ಜಿಯ ಊರಿನಲ್ಲಿ: ಮಕ್ಕಳನ್ನು ಬಿಸಿಲಿಗೆ ಬಿಡುವುದು ಹೇಗೆ?

ಹೊಂಗೆನೆರಳು, ಬೆಂಗಳೂರು – ಏಪ್ರಿಲ್ 5

ಎಲ್ಲರಿಗೂ ನಮಸ್ಕಾರ. ಮುಂದಿನ ವಾರ ಮಕ್ಕಳಿಗೆ ರಜೆ. ಮಗಳಿಗೆ ಹನ್ನೆರಡು ವರ್ಷ, ಮಗನಿಗೆ ಎಂಟು. ಹೋದ ವರ್ಷದ ಬೇಸಿಗೆಯನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ. ಐದನೆಯ ಮಹಡಿಯ ಮನೆ, ಎಳೆದ ಪರದೆ, ಕೈಯಲ್ಲಿ ಮೊಬೈಲ್. ಮೇ ತಿಂಗಳ ಹೊತ್ತಿಗೆ ಮಗನಿಗೆ ಮಲಬದ್ಧತೆ ಹೆಚ್ಚಾಗಿ ವೈದ್ಯರ ಬಳಿ ಕರೆದೊಯ್ಯಬೇಕಾಯಿತು. ದಿನಕ್ಕೆ ಎಷ್ಟು ಹೊತ್ತು ಓಡುತ್ತಾನೆ, ಎಷ್ಟು ನೀರು ಕುಡಿಯುತ್ತಾನೆ ಎಂದು ಅವರು ಕೇಳಿದರು. ಎರಡಕ್ಕೂ ನನ್ನ ಬಳಿ ಉತ್ತರವಿರಲಿಲ್ಲ.

ಈ ಸಲ ಐದು ವಾರ ತವರಿನಲ್ಲಿರಬೇಕೆಂದು ತೀರ್ಮಾನಿಸಿದ್ದೇನೆ. ಹಿರಿಯೂರು ತಾಲ್ಲೂಕಿನ ಹಳ್ಳಿ. ಮನೆಯಲ್ಲಿ ಅಮ್ಮ, ಅಣ್ಣ, ಅತ್ತಿಗೆ ಇದ್ದಾರೆ. ವಾಣಿವಿಲಾಸ ಸಾಗರ 1933ರ ನಂತರ ಮೊದಲ ಸಲ 2022ರಲ್ಲಿ ಕೋಡಿ ಬಿದ್ದಿತಲ್ಲ, ಆ ಮಳೆಗಾಲದಲ್ಲಿ ನಮ್ಮ ತೋಟದ ಬಾವಿಯೂ ತುಂಬಿತು. ನಾನು ಹುಡುಗಿಯಾಗಿದ್ದಾಗ ಕಲ್ಲು ಕಾಣುತ್ತಿದ್ದ ಬಾವಿ ಅದು. ಮಕ್ಕಳಿಗೆ ಅಲ್ಲಿಯೇ ಈಜು ಕಲಿಸುತ್ತೇನೆ ಎನ್ನುತ್ತಾನೆ ಅಣ್ಣ. ಯಜಮಾನರಿಗೆ ಮಾತ್ರ ಇದು ಒಪ್ಪಿಗೆಯಿಲ್ಲ. ಅಷ್ಟು ಬಿಸಿಲಿನಲ್ಲಿ ಮಕ್ಕಳು ಬೆಂದುಹೋಗುತ್ತಾರೆ, ಇಲ್ಲಿಯೇ ಯಾವುದಾದರೂ ಶಿಬಿರಕ್ಕೆ ಸೇರಿಸು ಎನ್ನುತ್ತಾರೆ. ಅವರ ಆತಂಕವನ್ನು ತಳ್ಳಿಹಾಕಲು ನನಗೂ ಧೈರ್ಯವಿಲ್ಲ. ಬಯಲುಸೀಮೆಯ ಬಿಸಿಲಿನಲ್ಲಿ ಮಕ್ಕಳನ್ನು ಆಡಿಸಿದವರು, ಉಣ್ಣಿಸಿದವರು ದಯವಿಟ್ಟು ಹೇಳಿ.

ಬಿಸಿಲನಾಡು, ಕಲಬುರಗಿ – ಏಪ್ರಿಲ್ 5

ತಂಗಿ, ಧೈರ್ಯವಾಗಿ ಹೋಗಿರಿ. ನಮ್ಮ ಕಡೆ ಏಪ್ರಿಲ್‌ನಲ್ಲಿ ನಲವತ್ತು ಡಿಗ್ರಿ ದಾಟುವುದು ಸುದ್ದಿಯೇ ಅಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿನ ಸರ್ಕಾರಿ ಕಚೇರಿಗಳ ವೇಳೆಯನ್ನೇ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಾಯಿಸುತ್ತಾರೆ. ಊರಿಗೆ ಊರೇ ಗಡಿಯಾರವನ್ನು ಬಿಸಿಲಿಗೆ ಹೊಂದಿಸಿಕೊಳ್ಳುತ್ತದೆ. ಮಕ್ಕಳ ದಿನವನ್ನೂ ಹಾಗೆಯೇ ಮುರಿದು ಕಟ್ಟಿರಿ. ಐದೂವರೆಗೆ ಏಳಲಿ, ಹತ್ತರವರೆಗೆ ಹೊರಗೆ ಆಡಲಿ. ಹನ್ನೊಂದರಿಂದ ನಾಲ್ಕರವರೆಗೆ ಮಾಳಿಗೆಯ ಕೆಳಗೆ. ನಾಲ್ಕೂವರೆಯ ಮೇಲೆ ಕತ್ತಲಾಗುವವರೆಗೆ ಮತ್ತೆ ಹೊರಗೆ. ಲೆಕ್ಕ ಹಾಕಿ ನೋಡಿ, ದಿನಕ್ಕೆ ಆರೇಳು ಗಂಟೆ ಬಯಲು ಸಿಗುತ್ತದೆ. ಯಾವ ಶಿಬಿರದಲ್ಲಿ ಅಷ್ಟು ಸಿಗುತ್ತದೆ?

ಒಂದು ಮಾತನ್ನು ಮರೆಯಬೇಡಿ. ಮೈ ಬಿಸಿಲಿಗೆ ಒಗ್ಗಲು ಒಂದರಿಂದ ಎರಡು ವಾರ ಬೇಕು. ನೆರಳಿನಲ್ಲಿ ಬೆಳೆದ ಮಕ್ಕಳನ್ನು ಬಸ್ಸಿನಿಂದ ಇಳಿಸಿದ ದಿನವೇ ಊರ ಹುಡುಗರ ಜೊತೆ ಓಡಲು ಬಿಟ್ಟರೆ ಮೂರನೆಯ ದಿನ ಮಲಗಿಬಿಡುತ್ತಾರೆ. ಮೊದಲ ದಿನ ಅರ್ಧ ಗಂಟೆ, ಆಮೇಲೆ ದಿನದಿನಕ್ಕೆ ಹೆಚ್ಚಿಸುತ್ತಾ ಹೋಗಿ.

ಊಟಕ್ಕೆ ನಮ್ಮದು ಜೋಳದ ನುಚ್ಚು, ಮಜ್ಜಿಗೆ, ಹಸಿ ಉಳ್ಳಾಗಡ್ಡಿ. ನಿಮ್ಮ ಕಡೆ ರಾಗಿ ಇದೆ. ಅಂಬಲಿ ಮಾಡಿ ರಾತ್ರಿಯಿಡೀ ಮಡಕೆಯಲ್ಲಿಟ್ಟು, ಬೆಳಿಗ್ಗೆ ಮಜ್ಜಿಗೆ, ಉಪ್ಪು, ಹೆಚ್ಚಿದ ಈರುಳ್ಳಿ ಬೆರೆಸಿ ಕೊಡಿ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವಿದೆ. ಬೆಳೆಯುವ ಎಲುಬಿಗೆ ಅದಕ್ಕಿಂತ ಅಗ್ಗದ ಆಹಾರವನ್ನು ನಾನು ಕಂಡಿಲ್ಲ.

ನಿವೃತ್ತ ವ್ಯಾಯಾಮ ಶಿಕ್ಷಕ, ಹಾಸನ – ಏಪ್ರಿಲ್ 6

ಮೂವತ್ತೊಂದು ವರ್ಷ ಸರ್ಕಾರಿ ಶಾಲೆಗಳಲ್ಲಿ ಮಕ್ಕಳನ್ನು ಆಡಿಸಿದವನು ನಾನು. ಐದರಿಂದ ಹದಿನೇಳು ವಯಸ್ಸಿನ ಮಕ್ಕಳಿಗೆ ದಿನಕ್ಕೆ ಸರಾಸರಿ ಅರವತ್ತು ನಿಮಿಷವಾದರೂ ಉಸಿರು ಏರುವಂಥ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಮ್ಮ ಹಳೆಯ ಆಟಗಳಲ್ಲಿ ಈ ಅರವತ್ತು ನಿಮಿಷ ಮಕ್ಕಳಿಗೆ ಗೊತ್ತಾಗುವ ಮೊದಲೇ ಮುಗಿದಿರುತ್ತದೆ.

ಲಗೋರಿಯನ್ನೇ ನೋಡಿ. ಏಳು ಚಪ್ಪಟೆ ಕಲ್ಲು, ಒಂದು ಚೆಂಡು ಸಾಕು. ಒಂದು ಗುಂಪಿನವನು ಚೆಂಡೆಸೆದು ಗೋಪುರ ಕೆಡವುತ್ತಾನೆ. ಎದುರಾಳಿಗಳು ಚೆಂಡಿನಿಂದ ಹೊಡೆಯುವುದರೊಳಗೆ ಅವನ ಗುಂಪು ಕಲ್ಲುಗಳನ್ನು ಮತ್ತೆ ಪೇರಿಸಬೇಕು. ಗುರಿ, ಓಟ, ಬಾಗುವುದು, ತಪ್ಪಿಸಿಕೊಳ್ಳುವುದು, ಜೊತೆಗಾರನಿಗಾಗಿ ಹೊಡೆತ ತಿನ್ನುವುದು, ಎಲ್ಲವೂ ಒಂದೇ ಆಟದಲ್ಲಿವೆ. ಎಂಟು ವರ್ಷದವನನ್ನೂ ಹನ್ನೆರಡರವಳನ್ನೂ ಒಟ್ಟಿಗೆ ಆಡಿಸಬಹುದು. ಗಟ್ಟಿ ರಬ್ಬರ್ ಚೆಂಡು ಬೇಡ. ಹಳೆಯ ಬಟ್ಟೆ ಸುತ್ತಿ ದಾರದಿಂದ ಬಿಗಿದ ಚೆಂಡು ಮಾಡಿಕೊಡಿ, ಪೆಟ್ಟು ಬೀಳುವುದಿಲ್ಲ. ಮರಕೋತಿ ಆಡುವುದಾದರೆ ಹೊಂಗೆಯೋ ಆಲವೋ ನೋಡಿ ಆರಿಸಿ. ನುಗ್ಗೆಯ ಮರ ಬೇಡವೇ ಬೇಡ, ಅದರ ಕೊಂಬೆ ಮುನ್ಸೂಚನೆಯಿಲ್ಲದೆ ಮುರಿಯುತ್ತದೆ.

ಚಿನ್ನಿದಾಂಡು ಆಡುವಾಗ ಸುತ್ತ ನಿಂತು ನೋಡುವ ಚಿಕ್ಕ ಮಕ್ಕಳನ್ನು ದೂರ ಕೂರಿಸಿ. ಚಿನ್ನಿ ಕಣ್ಣಿಗೆ ಬಡಿದದ್ದನ್ನು ಎರಡು ಸಲ ನೋಡಿದ್ದೇನೆ. ನಡು ಮಧ್ಯಾಹ್ನಕ್ಕೆ ಅಳಗುಳಿ ಮಣೆ, ಚೌಕಾಬಾರ ಇವೆ. ಹುಣಸೆಬೀಜ, ಕವಡೆಗಳನ್ನು ಅಜ್ಜಿಯೇ ಎಲ್ಲೋ ಎತ್ತಿಟ್ಟಿರುತ್ತಾರೆ, ಕೇಳಿ ನೋಡಿ.

ಕಡಲಕರೆ, ಉಡುಪಿ – ಏಪ್ರಿಲ್ 6

ನಮ್ಮಲ್ಲಿ ಬಿಸಿಲಿಗಿಂತ ಸೆಕೆ ಹೆಚ್ಚು. ಬೆವರು ಆರುವುದೇ ಇಲ್ಲ. ಬಯಲುಸೀಮೆಯವರಿಗೆ ಒಂದು ಅನುಕೂಲವಿದೆ: ಒಣಗಾಳಿಯಲ್ಲಿ ಬೆವರು ಬೇಗ ಆರಿ ಮೈ ತಣಿಯುತ್ತದೆ. ಅಪಾಯವೂ ಅದರಲ್ಲೇ ಇದೆ. ಎಷ್ಟು ನೀರು ಹೋಯಿತೆಂಬುದು ಗೊತ್ತಾಗುವುದಿಲ್ಲ.

ನಮ್ಮ ಮನೆಯಲ್ಲಿ ಮಕ್ಕಳು ಶಾಲೆಯಿಂದಲೋ ಆಟದಿಂದಲೋ ಬಂದರೆ ಮೊದಲು ಕೊಡುವುದು ಪುನರ್ಪುಳಿ ಶರಬತ್ತು. ಮಧ್ಯಾಹ್ನ ಅನ್ನಕ್ಕೆ ಒಂದೆಲಗದ ತಂಬುಳಿ. ಒಂದೆಲಗ ಸಿಗದಿದ್ದರೆ ಮೆಂತ್ಯದ ತಂಬುಳಿ ಮಾಡಿ: ಒಂದು ಚಮಚ ಮೆಂತ್ಯ, ಜೀರಿಗೆಯನ್ನು ತುಪ್ಪದಲ್ಲಿ ಹುರಿದು, ತೆಂಗಿನತುರಿಯ ಜೊತೆ ನುಣ್ಣಗೆ ರುಬ್ಬಿ, ಮಜ್ಜಿಗೆಯಲ್ಲಿ ಕದಡಿದರೆ ಆಯಿತು. ಒಲೆಯ ಮುಂದೆ ಐದು ನಿಮಿಷವೂ ನಿಲ್ಲಬೇಕಾಗಿಲ್ಲ. ಬೇಸಿಗೆಯಲ್ಲಿ ಅಡುಗೆ ಮಾಡುವವರ ಮೈಯನ್ನೂ ನೋಡಬೇಕಲ್ಲವೇ? ನಿಮ್ಮ ಅತ್ತಿಗೆಯವರ ಪರವಾಗಿ ಈ ಮಾತು ಹೇಳುತ್ತಿದ್ದೇನೆ.

ಹಳೆಬೇರು, ಚಿಂತಾಮಣಿ – ಏಪ್ರಿಲ್ 7

ಬಾವಿಯ ವಿಷಯಕ್ಕೆ ಬರುತ್ತೇನೆ. ನಾವೆಲ್ಲ ಬಾವಿಯಲ್ಲೇ ಕಲಿತವರು. ಸೊಂಟಕ್ಕೆ ಒಣ ಸೋರೆಬುರುಡೆ ಕಟ್ಟಿ ಮಾವ ತಳ್ಳಿದರು, ಕಲಿತೆವು. ಈಗಿನವರು ಅತಿಯಾಗಿ ಹೆದರುತ್ತಾರೆ. ಅಣ್ಣನ ಮಾತು ಕೇಳಿ, ನೀರಿಗಿಳಿಸಿ.

ಮಣ್ಣಿನಮನೆ, ಚಿಕ್ಕಬಳ್ಳಾಪುರ – ಏಪ್ರಿಲ್ 7

ಹಳೆಬೇರು ಅವರೇ, ಹಿರಿಯರಾದ ನಿಮ್ಮ ಮೇಲೆ ಗೌರವವಿಟ್ಟು ಹೇಳುತ್ತೇನೆ, ತಳ್ಳುವುದನ್ನು ನಾನು ಒಪ್ಪುವುದಿಲ್ಲ. ಮೂರು ವರ್ಷದ ಹಿಂದೆ ನಮ್ಮ ಪಕ್ಕದ ಹೊಲದ ಕೃಷಿ ಹೊಂಡದಲ್ಲಿ ಇಬ್ಬರು ಮಕ್ಕಳು ಹೋದರು. ಒಬ್ಬನು ನನ್ನ ಮಗನ ತರಗತಿಯವನು. ರಜೆ ಶುರುವಾಗಿ ನಾಲ್ಕನೆಯ ದಿನ.

ಇದನ್ನು ಓದುವ ನಗರದ ತಂದೆ ತಾಯಂದಿರಿಗೆ ಕೃಷಿ ಹೊಂಡ ಎಂದರೇನೆಂದು ಗೊತ್ತಿರಲಿಕ್ಕಿಲ್ಲ. ಮಳೆನೀರು ಹಿಡಿದಿಡಲು ಹೊಲದಲ್ಲಿ ತೋಡುವ ಚೌಕನೆಯ ಹೊಂಡ ಅದು, ಸಾಮಾನ್ಯವಾಗಿ ಮೂರು ಮೀಟರ್ ಆಳ. ನೀರು ಇಂಗದಿರಲೆಂದು ಒಳಗೆ ದಪ್ಪ ಪ್ಲಾಸ್ಟಿಕ್ ಹಾಳೆ ಹೊದಿಸಿರುತ್ತಾರೆ. ಹೊಂಡದ ಬದು ಇಳಿಜಾರು, ಪ್ಲಾಸ್ಟಿಕ್ ಮೇಲೆ ಪಾಚಿ. ಕಾಲು ಜಾರಿ ಒಳಗೆ ಹೋದವರಿಗೆ ಹಿಡಿಯಲು ಬೇರೂ ಇಲ್ಲ, ಕಲ್ಲೂ ಇಲ್ಲ. ಈಜು ಬಲ್ಲ ದೊಡ್ಡವರೇ ಹತ್ತಲಾರದೆ ಸೋತಿದ್ದಾರೆ. ಹಳೆಯ ಬಾವಿಗಾದರೂ ಮೆಟ್ಟಿಲಿರುತ್ತದೆ.

ಅಕ್ಕ, ಊರಿಗೆ ಹೋದ ಮೊದಲ ದಿನವೇ ಅಣ್ಣನ ಜೊತೆ ಸುತ್ತಮುತ್ತಲ ಹೊಲಗಳಲ್ಲಿ ಒಂದು ಸುತ್ತು ನಡೆಯಿರಿ. ಯಾವ ಹೊಂಡಕ್ಕೆ ಬೇಲಿಯಿಲ್ಲ ಎಂದು ನೋಡಿ. ಹೊಲದವರ ಮನೆಗೆ ಹೋಗಿ, ಕೈಮುಗಿದು ಬೇಲಿ ಹಾಕಲು ಕೇಳಿ. ಬೇಲಿ ತಡವಾದರೆ ನಾಲ್ಕೂ ಮೂಲೆಗೆ ಗೂಟ ಹೊಡೆದು, ಗಂಟು ಹಾಕಿದ ಹಗ್ಗಗಳನ್ನು ನೀರಿನೊಳಗೆ ಇಳಿಬಿಡಲಿ. ಹಳೆಯ ಟ್ರ್ಯಾಕ್ಟರ್ ಟ್ಯೂಬಿಗೆ ಗಾಳಿ ತುಂಬಿ ತೇಲಿಬಿಡಲಿ. ಆ ದಿನ ಒಂದು ಹಗ್ಗವಿದ್ದಿದ್ದರೆ ಎಂದು ನಾವು ಇಂದಿಗೂ ಮಾತನಾಡಿಕೊಳ್ಳುತ್ತೇವೆ.

ಹಳೆಬೇರು, ಚಿಂತಾಮಣಿ – ಏಪ್ರಿಲ್ 8

ನಿಮ್ಮ ಮಾತು ರಾತ್ರಿಯಿಡೀ ಮನಸ್ಸಿನಲ್ಲಿತ್ತು. ತಳ್ಳಬೇಕೆಂದದ್ದು ತಪ್ಪು, ಹಿಂದಕ್ಕೆ ಪಡೆಯುತ್ತೇನೆ. ನಮ್ಮ ಮಾವ ತಳ್ಳಿದಾಗ ಬಾವಿಯೊಳಗೆ ಮೊದಲೇ ಇಬ್ಬರು ಇಳಿದು ನಿಂತಿದ್ದರು ಎಂಬುದನ್ನು ನಾನು ಹೇಳಿರಲಿಲ್ಲ. ಮುಖ್ಯವಾದದ್ದು ಅದೇ. ಒಂದು ಮಗುವಿಗೆ ಈಜು ಬಲ್ಲ ಒಬ್ಬ ದೊಡ್ಡವರು, ನೀರಿನಲ್ಲಿ, ಕೈಯಳತೆಯಲ್ಲಿ. ದಡದಲ್ಲಿ ಇನ್ನೊಬ್ಬರು, ಮೊಬೈಲ್ ಇಲ್ಲದೆ. ಬೆಳಗಿನ ಹೊತ್ತು ಮಾತ್ರ. ಬುರುಡೆ, ಬೆಂಡುಗಳನ್ನೇ ನಂಬಿ ಬಿಡಬೇಡಿ, ಹಗ್ಗವೂ ಇರಲಿ. ಮೊದಲ ವಾರ ಮೆಟ್ಟಿಲಿನ ಮೇಲೆ ಕುಳಿತು ಕಾಲು ಬಡಿಯಲಿ, ಮುಖ ಮುಳುಗಿಸಿ ಉಸಿರು ಬಿಡಲಿ. ತೇಲುವುದು ಬಂದ ಮೇಲೆ ಕೈ ಬೀಸುವುದು ತಾನಾಗಿ ಬರುತ್ತದೆ.

ಶುಶ್ರೂಷಕಿ, ಬಳ್ಳಾರಿ – ಏಪ್ರಿಲ್ 8

ಪಾಳಿ ಮುಗಿಸಿ ಬರೆಯುತ್ತಿದ್ದೇನೆ. ಬೇಸಿಗೆಯಲ್ಲಿ ನಮ್ಮ ವಾರ್ಡಿಗೆ ಬರುವ ಮಕ್ಕಳಲ್ಲಿ ಹೆಚ್ಚಿನವರು ಒಂದು ದಿನ ಮೊದಲೇ ಮನೆಯಲ್ಲಿ ಸುಧಾರಿಸಬಹುದಾಗಿದ್ದವರು. ಅದಕ್ಕೇ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಬಾಯಾರಿಕೆ ಎಂದು ಮಗು ಹೇಳುವವರೆಗೆ ಕಾಯಬೇಡಿ. ಆಡುವ ಮಗು ಹೇಳುವುದೇ ಇಲ್ಲ. ಆಟದ ನಡುವೆ ಇಪ್ಪತ್ತು ನಿಮಿಷಕ್ಕೊಮ್ಮೆ ಕರೆದು ನಾಲ್ಕಾರು ಗುಟುಕು ಕುಡಿಸಿ. ಮೂತ್ರದ ಬಣ್ಣ ನೋಡಲು ಮಕ್ಕಳಿಗೇ ಕಲಿಸಿ: ತಿಳಿ ಹಳದಿ ಇದ್ದರೆ ಸರಿ, ಗಾಢ ಹಳದಿಯಾದರೆ ಕೂಡಲೇ ನೀರು ಬೇಕು. ನಮ್ಮ ಅಕ್ಕನ ಮಗ ಈ ವಿಷಯದಲ್ಲಿ ಈಗ ಮನೆಯವರಿಗೆಲ್ಲ ಪಾಠ ಹೇಳುತ್ತಾನೆ. ಹೊಟ್ಟೆ ಕೆಟ್ಟು ಭೇದಿಯಾದರೆ ಓಆರ್‌ಎಸ್ ಕೊಡಿ. ಒಂದು ಲೀಟರಿನ ಪೊಟ್ಟಣವನ್ನು ಪೂರ್ತಿಯಾಗಿ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೇ ಬೆರೆಸಬೇಕು. ಅರ್ಧ ಪೊಟ್ಟಣ, ಒಂದು ಲೋಟ ನೀರು ಎಂದು ಕಣ್ಣಳತೆಯಲ್ಲಿ ಮಾಡಬಾರದು. ಬೆರೆಸಿದ್ದನ್ನು 24 ಗಂಟೆಯೊಳಗೆ ಮುಗಿಸಿ, ಉಳಿದರೆ ಚೆಲ್ಲಿ. ಪೊಟ್ಟಣವಿಲ್ಲದಿದ್ದರೆ ಒಂದು ಲೀಟರ್ ನೀರಿಗೆ ಮಟ್ಟಸವಾದ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಡಬ್ಬಿಯಲ್ಲಿ ಬರುವ ಬಣ್ಣದ ಸಿಹಿ ಪಾನೀಯಗಳು ಓಆರ್‌ಎಸ್ ಅಲ್ಲ. ಪೊಟ್ಟಣದ ಮೇಲೆ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ ಎಂದು ಬರೆದಿರುವುದನ್ನು ನೋಡಿ ತೆಗೆದುಕೊಳ್ಳಿ.

ತಲೆನೋವು, ತಲೆಸುತ್ತು, ವಾಕರಿಕೆ, ಕಾಲಿನ ಸೆಳೆತ ಕಂಡರೆ ಆಟ ನಿಲ್ಲಿಸಿ ನೆರಳಿಗೆ ಕರೆತನ್ನಿ. ಆದರೆ ಮೈ ಕೆಂಡದಂತೆ ಸುಡುತ್ತಾ ಮಗು ತಡವರಿಸಿ ಮಾತನಾಡಿದರೆ, ಯಾರೆಂದು ಗುರುತು ಹಿಡಿಯದಿದ್ದರೆ ಅದು ಬಿಸಿಲಾಘಾತ. ಕೂಡಲೇ 108ಕ್ಕೆ ಕರೆ ಮಾಡಿ. ವಾಹನ ಬರುವವರೆಗೆ ಕೈಕಟ್ಟಿ ಕೂರದೆ ಬಟ್ಟೆ ಸಡಿಲಿಸಿ, ಮೈಮೇಲೆ ನೀರು ಸುರಿದು ಗಾಳಿ ಬೀಸಿ, ಕಂಕುಳು, ಕುತ್ತಿಗೆಗೆ ಒದ್ದೆ ಬಟ್ಟೆ ಇಡಿ. ಎಚ್ಚರವಿಲ್ಲದ ಮಗುವಿನ ಬಾಯಿಗೆ ನೀರು ಹಾಕಬೇಡಿ.

ಊರಿನಲ್ಲಿ ಹಸುಗೂಸಿದ್ದರೆ ಅದರ ಅಜ್ಜಿಗೆ ತಿಳಿಸಿ: ಆರು ತಿಂಗಳವರೆಗೆ ಎಂಥ ಬೇಸಿಗೆಯಲ್ಲೂ ತಾಯಿಯ ಹಾಲೇ ಸಾಕು, ಮೇಲೆ ನೀರು ಬೇಡ.

ಮಾವಿನತೋಪು, ರಾಮನಗರ – ಏಪ್ರಿಲ್ 9

ಹಣ್ಣಿನ ಬಗ್ಗೆ ಯಾರೂ ಹೇಳಲಿಲ್ಲವಲ್ಲ! ನಮ್ಮ ತೋಟದ ಬಾದಾಮಿ ಏಪ್ರಿಲ್ ಕೊನೆಗೆ ಕೊಯ್ಲಿಗೆ ಬರುತ್ತದೆ. ಕೋಲಾರದ ಶ್ರೀನಿವಾಸಪುರದ ಕಡೆಯ ಹಣ್ಣು ಇನ್ನೂ ತಡ. ಹಾಗಾಗಿ ಏಪ್ರಿಲ್ ಮೊದಲಲ್ಲೇ ಎಲ್ಲವೂ ಒಂದೇ ಬಣ್ಣಕ್ಕೆ ಹಳದಿಯಾಗಿ ಅಂಗಡಿಯಲ್ಲಿ ಕುಳಿತ ಹಣ್ಣನ್ನು ಕಂಡರೆ ಅನುಮಾನಪಡಿ. ಕ್ಯಾಲ್ಸಿಯಂ ಕಾರ್ಬೈಡ್ ಇಟ್ಟು ಹಣ್ಣು ಮಾಡುವುದನ್ನು ಕಾನೂನು ನಿಷೇಧಿಸಿದೆ. ಅದರಿಂದ ಹೊರಡುವ ಅನಿಲದಲ್ಲಿ ಆರ್ಸೆನಿಕ್, ರಂಜಕದ ಅಂಶ ಸೇರಿರಬಹುದು. ಎಥಿಲೀನ್ ಅನಿಲಕ್ಕೆ ಮಿತಿಯೊಳಗೆ ಅನುಮತಿಯಿದೆ, ಹಣ್ಣು ತಾನೇ ಬಿಡುವ ಅನಿಲ ಅದು.

ನನ್ನ ಸಲಹೆ ಇಷ್ಟು: ಬಲಿತ ಕಾಯಿ ಕೊಂಡುಹೋಗಿ. ಮಕ್ಕಳ ಕೈಯಲ್ಲೇ ಹುಲ್ಲು ಹಾಸಿಸಿ, ತೊಟ್ಟು ಕೆಳಮುಖವಾಗಿ ಜೋಡಿಸಿಸಿ ಅಡೆ ಹಾಕಿಸಿ. ಒಂದು ವಾರ ದಿನವೂ ಮೂಸಿ ನೋಡುವ ಸಂಭ್ರಮ ಅವರದಾಗಲಿ. ಹಣ್ಣಿಗಾಗಿ ಕಾದ ಮಗು ಅದನ್ನು ತಿನ್ನುವ ರೀತಿಯೇ ಬೇರೆ. ತಿನ್ನುವ ಮೊದಲು ಅರ್ಧ ಗಂಟೆ ನೀರಿನಲ್ಲಿ ನೆನೆಸಿ ತೊಳೆಯಿರಿ, ತೊಟ್ಟಿನ ಸೊನೆ ತುಟಿಗೆ ತಾಗಿದರೆ ಸುಡುತ್ತದೆ.

ಇನ್ನೊಂದು. ಮಳೆಗಾಳಿ ಬಂದಾಗ ಉದುರಿದ ಕಾಯಿ ಆರಿಸಲು ಮಕ್ಕಳು ಮರದ ಕೆಳಗೆ ಓಡುತ್ತಾರೆ. ನಾನೂ ಓಡಿದವನೇ. ಆದರೆ ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಲ್ಲಿ ಸಿಡಿಲು ಬಡಿಯುವುದು ಒಂಟಿ ಮರಕ್ಕೇ. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಕಳೆದ ಮೇಲೆ ಹೋದರೂ ಕಾಯಿ ಅಲ್ಲೇ ಬಿದ್ದಿರುತ್ತದೆ.

ಅಪ್ಪೆಮಿಡಿ, ಶಿರಸಿ – ಏಪ್ರಿಲ್ 9

ಮಲೆನಾಡಿಗೆ ಬರುವವರಿಗೂ ಒಂದು ಮಾತು. ಕವಳಿಹಣ್ಣು, ಗೇರುಹಣ್ಣು, ಸಂಪಿಗೆಹಣ್ಣು ಎಂದು ಮಕ್ಕಳು ಕಾಡಂಚಿಗೆ ನುಗ್ಗುವ ಕಾಲ ಇದು. ಊರವರನ್ನು ಕೇಳದೆ ಹೋಗಬೇಡಿ. ಮಂಗನ ಕಾಯಿಲೆಯನ್ನು 1957ರಲ್ಲಿ ಮೊದಲು ಗುರುತಿಸಿದ್ದು ಪಕ್ಕದ ಸೊರಬದ ಕ್ಯಾಸನೂರು ಕಾಡಿನಲ್ಲಿ. ಉಣುಗಿನಿಂದ ಹರಡುವ ಆ ಜ್ವರದ ಕಾಲ ಡಿಸೆಂಬರ್‌ನಿಂದ ಮೇವರೆಗೆ. ಮಂಗ ಸತ್ತುಬಿದ್ದ ಸುದ್ದಿಯಿದ್ದರೆ ಆ ದಿಕ್ಕಿಗೆ ಹೋಗಲೇಬೇಡಿ. ಹೋದರೂ ತುಂಬುತೋಳು, ಉದ್ದ ಪ್ಯಾಂಟ್ ಇರಲಿ. ಬಂದ ಕೂಡಲೇ ಬಿಸಿನೀರಿನ ಸ್ನಾನ ಮಾಡಿಸಿ, ಮೈಯೆಲ್ಲ ನೋಡಿ, ಬಟ್ಟೆಯನ್ನು ಬಿಸಿನೀರಿಗೆ ಹಾಕಿ.

ಇಷ್ಟು ಹೆದರಿಸಿದ ಮೇಲೆ ಕರೆಯಲೂ ಬೇಕಲ್ಲ. ಅಂಗಳದಲ್ಲಿ ಚಾಪೆ ಹಾಸಿ ಹಲಸಿನ ಹಪ್ಪಳ ಒಣಗಿಸಿ, ಕಾಗೆ ಕಾಯಲು ಮಕ್ಕಳನ್ನು ಕೂರಿಸುವುದು ನಮ್ಮಲ್ಲಿ ಇನ್ನೂ ಇದೆ. ಕೈಯಲ್ಲಿ ಕೋಲು, ಬಾಯಲ್ಲಿ ಹಸಿ ಹಪ್ಪಳದ ಹಿಟ್ಟು. ಮಧ್ಯಾಹ್ನ ಅಪ್ಪೆಹುಳಿ ಕುಡಿದು ಮಲಗಿದರೆ ನಾಲ್ಕು ಗಂಟೆಯವರೆಗೆ ಯಾರನ್ನೂ ಗದರಿಸಬೇಕಾಗಿಲ್ಲ.

ಮರಳುದಾರಿ, ದುಬೈ – ಏಪ್ರಿಲ್ 10

ನಿಮ್ಮೆಲ್ಲರ ಮಾತು ಓದಿ ಗಂಟಲು ಕಟ್ಟಿತು. ಇಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3ರವರೆಗೆ ಬಯಲಿನಲ್ಲಿ ಕೂಲಿ ಕೆಲಸ ಮಾಡಿಸುವಂತಿಲ್ಲ, ಅಂಥ ಬಿಸಿಲು. ನಮ್ಮ ಮಕ್ಕಳಿಗೆ ದೊಡ್ಡ ರಜೆ ಜುಲೈ, ಆಗಸ್ಟ್‌ನಲ್ಲಿ. ಪುತ್ತೂರಿಗೆ ಬರುವ ಹೊತ್ತಿಗೆ ಜಡಿಮಳೆ, ಮಾವು ಮುಗಿದಿರುತ್ತದೆ. ನನ್ನ ಮಗಳು ಮರದಲ್ಲಿ ತೂಗುವ ಮಾವಿನಹಣ್ಣನ್ನು ಇನ್ನೂ ನೋಡಿಲ್ಲ. ಐದು ವಾರ ಸಿಕ್ಕಿದೆಯಲ್ಲ ಅಕ್ಕ, ಕಳೆದುಕೊಳ್ಳಬೇಡಿ.

ಹೊಂಗೆನೆರಳು, ಬೆಂಗಳೂರು – ಮೇ 22

ನಿನ್ನೆ ರಾತ್ರಿ ಹಿಂದಿರುಗಿದೆವು. ಸಲಹೆ ಕೊಟ್ಟ ಒಬ್ಬೊಬ್ಬರಿಗೂ ವರದಿ ಒಪ್ಪಿಸುವುದು ನನ್ನ ಕರ್ತವ್ಯ.

ಮೊದಲ ವಾರ ಕಷ್ಟವಾಯಿತು. ಮಗ ಅಂಬಲಿಯ ಲೋಟವನ್ನು ತಳ್ಳಿ ಅತ್ತ. ಅಮ್ಮ ಬಲವಂತ ಮಾಡಲಿಲ್ಲ. ರಾಗಿ ಹುರಿಹಿಟ್ಟಿಗೆ ಬೆಲ್ಲ, ಹಾಲು, ಕಾಯಿತುರಿ ಕಲೆಸಿ ಉಂಡೆ ಕಟ್ಟಿ, ಜಗಲಿಯ ಮೇಲೆ ಇಟ್ಟು ಒಳಗೆ ಹೋಗಿಬಿಟ್ಟರು. ಹದಿನೈದು ನಿಮಿಷದಲ್ಲಿ ತಟ್ಟೆ ಖಾಲಿ. ಮೂರನೆಯ ವಾರ ಓಡಿ ಬಂದು ತಾನಾಗಿ ಅಂಬಲಿ ಕೇಳಿದ, ಈರುಳ್ಳಿ ಬೇಡವೆಂಬ ಷರತ್ತಿನೊಂದಿಗೆ. ಹೋದ ವರ್ಷ ಅವನನ್ನು ಕಾಡಿದ ತೊಂದರೆ ಈ ಐದು ವಾರಗಳಲ್ಲಿ ಒಂದು ದಿನವೂ ಕಾಣಲಿಲ್ಲ.

ಮಣ್ಣಿನಮನೆ ಅವರೇ, ನೀವು ಹೇಳಿದಂತೆ ಮೊದಲ ಸಂಜೆಯೇ ಸುತ್ತು ನಡೆದೆವು. ನಮ್ಮ ತೋಟದಿಂದ ಇನ್ನೂರು ಹೆಜ್ಜೆಯ ದೂರದಲ್ಲಿ ಬೇಲಿಯಿಲ್ಲದ ಹೊಂಡ. ಹೊಲದವರು ಮೊದಲು ಬೇಸರಿಸಿಕೊಂಡರು, ಇಷ್ಟು ವರ್ಷ ಏನೂ ಆಗಿಲ್ಲ ಎಂದರು. ನಿಮ್ಮ ಬರಹವನ್ನು ಅವರಿಗೆ ಓದಿ ಹೇಳಿದೆ. ಮಾತನಾಡದೆ ಎದ್ದುಹೋದರು. ಮರುದಿನ ಅವರ ಮಗ, ಅಣ್ಣ, ನಾನು ಮೂವರೂ ಸೇರಿ ಗೂಟ ಹೊಡೆದು ಹಗ್ಗ ಇಳಿಬಿಟ್ಟೆವು. ಮೇ ಮೊದಲ ವಾರ ತಂತಿಬೇಲಿಯೂ ಬಂದಿತು.

ಬಾವಿಯಲ್ಲಿ ಮಗಳು ತೇಲುತ್ತಾಳೆ. ಈಜುತ್ತಾಳೆ ಎಂದು ಹೇಳಲಾರೆ, ಆದರೆ ಅಂಗಾತ ತೇಲುತ್ತಾ ಆಕಾಶ ನೋಡುತ್ತಾಳೆ. ದಡದಲ್ಲಿ ಕೂರುವ ಕೆಲಸ ನನ್ನದಾಗಿತ್ತು. ದಿನಕ್ಕೊಂದು ಗಂಟೆ ಮಕ್ಕಳನ್ನು ಬಿಟ್ಟು ಬೇರೇನನ್ನೂ ನೋಡದೆ ಕೂರುವುದು ನನಗೇ ಅಭ್ಯಾಸ ತಪ್ಪಿಹೋಗಿತ್ತು ಎಂದು ಅಲ್ಲಿ ತಿಳಿಯಿತು. ಮಗ ಇನ್ನೂ ಮೆಟ್ಟಿಲು ಬಿಟ್ಟಿಲ್ಲ. ಅವಸರವಿಲ್ಲ.

ಒಂದು ದಿನ ನನ್ನ ತಪ್ಪಿನಿಂದ ಅನಾಹುತವಾಗುವುದರಲ್ಲಿತ್ತು. ಜಾತ್ರೆಯ ದಿನ ಮಧ್ಯಾಹ್ನ ಎರಡು ಗಂಟೆಗೆ ಮಕ್ಕಳನ್ನು ತೇರಿನ ಬೀದಿಗೆ ಕರೆದೊಯ್ದೆ. ಮಗಳು ವಾಕರಿಸಿ ಕುಸಿದು ಕುಳಿತಳು. ಶುಶ್ರೂಷಕಿಯವರು ಬರೆದದ್ದು ನೆನಪಿತ್ತು. ಅಂಗಡಿಯ ಚಪ್ಪರದ ಕೆಳಗೆ ಮಲಗಿಸಿ, ಮುಖ, ಕುತ್ತಿಗೆ ತೋಯಿಸಿ, ಗುಟುಕು ಗುಟುಕಾಗಿ ಕುಡಿಸಿದೆ. ಅರ್ಧ ಗಂಟೆಯಲ್ಲಿ ಸುಧಾರಿಸಿಕೊಂಡಳು. ಅಲ್ಲಿಂದಾಚೆಗೆ ಹನ್ನೊಂದರಿಂದ ನಾಲ್ಕರ ಗೆರೆಯನ್ನು ನಾವು ಯಾವ ಹಬ್ಬಕ್ಕೂ ದಾಟಲಿಲ್ಲ.

ಯಜಮಾನರು ಕೊನೆಯ ವಾರ ಬಂದಿದ್ದರು. ಮೊದಲ ಸಂಜೆ ಜಗಲಿಯಲ್ಲಿ ಕುಳಿತು ನೋಡಿದರು. ಎರಡನೆಯ ಸಂಜೆ ಲಗೋರಿಗೆ ಇಳಿದರು. ಮಗನನ್ನು ಮತ್ತೆ ಊರಿಗೆ ಯಾವಾಗ ಕಳುಹಿಸುವುದೆಂದು ಈಗ ಅವರೇ ಕೇಳುತ್ತಿದ್ದಾರೆ.

ಮೇಷ್ಟ್ರೇ, ನಿಮಗೊಂದು ಪ್ರಶ್ನೆ. ಏಳು ಕಲ್ಲುಗಳನ್ನು ಮಗ ಚೀಲದಲ್ಲಿಟ್ಟು ಬೆಂಗಳೂರಿಗೆ ತಂದಿದ್ದಾನೆ. ನಮ್ಮ ವಸತಿ ಸಮುಚ್ಚಯದಲ್ಲಿ ಚೆಂಡಾಟಕ್ಕೆ ಅನುಮತಿಯಿಲ್ಲ. ಶಾಲೆ ಶುರುವಾಗಲು ಇನ್ನೂ ಒಂದು ವಾರವಿದೆ. ಏನು ಮಾಡಲಿ?

ನಿವೃತ್ತ ವ್ಯಾಯಾಮ ಶಿಕ್ಷಕ, ಹಾಸನ – ಮೇ 22

ಅಮ್ಮ, ಗಾಜಿನ ಕಿಟಕಿಗೆ ಹೆದರಿ ಆ ನಿಯಮ ಮಾಡಿರುತ್ತಾರೆ. ಬಟ್ಟೆಯ ಚೆಂಡನ್ನು ಕೈಯಲ್ಲಿ ಹಿಡಿದು ಸಂಘದ ಕಾರ್ಯದರ್ಶಿಗಳ ಬಳಿ ಹೋಗಿ. ಅವರ ಕಿಟಕಿಗೇ ಒಮ್ಮೆ ಎಸೆದು ತೋರಿಸಿ. ಮೂಲೆಯ ವಾಹನ ನಿಲುಗಡೆ ಸಂಜೆ ಐದರಿಂದ ಆರರವರೆಗೆ ಖಾಲಿಯಿದ್ದರೆ ಅದನ್ನೇ ಕೇಳಿ, ಹತ್ತು ಹೆಜ್ಜೆ ಅಗಲವಿದ್ದರೆ ಸಾಕು. ಒಬ್ಬರೇ ಹೋಗಬೇಡಿ, ಇನ್ನು ನಾಲ್ಕು ಮನೆಯ ಮಕ್ಕಳನ್ನು ಜೊತೆಗೆ ಕರೆದುಕೊಂಡು ಹೋಗಿ. ಕಲ್ಲುಗಳನ್ನು ಮಗನೇ ಹಿಡಿದಿರಲಿ.

ಹೊಂಗೆನೆರಳು, ಬೆಂಗಳೂರು – ಮೇ 24

ಆರು ಮಕ್ಕಳೊಂದಿಗೆ ಹೋದೆವು. ಭಾನುವಾರದಿಂದ ಸಂಜೆ ಐದಕ್ಕೆ ಅನುಮತಿ ಸಿಕ್ಕಿದೆ. ಕಾರ್ಯದರ್ಶಿಗಳ ತಾಯಿ ಒಳಗಿನಿಂದ ಬಂದು, ಕಲ್ಲು ಪೇರಿಸುವ ಕ್ರಮ ತಪ್ಪಿದೆ ಎಂದು ನೆಲದ ಮೇಲೆ ಕುಳಿತು ಸರಿಮಾಡಿ ತೋರಿಸಿದರು. ದೊಡ್ಡದು ಕೆಳಗೆ, ಚಿಕ್ಕದು ಮೇಲೆ.